ಟಗರಿನ ಗಂಟೆ

ಹಿಂದೆ ಯಾರೋ ಬರುತ್ತಿದ್ದರು. ವಿಲ್ಫ್ ನಿಕೋಲ್ ತಿರುಗಿ ನೋಡಿದ. ಬೀಸುವ ಹಿಮದಲ್ಲಿ ಒಂದು ಪುಟ್ಟ ಹಸಿರು ದೀಪ, ಅಷ್ಟೇ. ಅವನಿಗೆ ಎಲ್ಲಿಲ್ಲದ ಖುಷಿಯಾಯಿತು. ಹಿಂದೆ ಒಬ್ಬರಿದ್ದಾರೆ ಅಂದಮೇಲೆ ತಾನು ಕೊನೆಯವನಲ್ಲ.

ಕಂಬ್ರಿಯಾದ ಈ ಚಳಿಗಾಲದ ಬೆಟ್ಟದ ಓಟದಲ್ಲಿ ಗೆದ್ದವನನ್ನು ಮರುದಿನವೇ ಮರೆಯುತ್ತಾರೆ. ಕೊನೆಗೆ ಬಂದವನನ್ನು ಮಾತ್ರ ವರ್ಷವಿಡೀ ಬಿಡುವುದಿಲ್ಲ. ಪಬ್ಬಿಗೆ ಕಾಲಿಟ್ಟಾಗಲೆಲ್ಲ ಅವನ ಕೊರಳಲ್ಲಿ ಟಗರಿನ ಹಿತ್ತಾಳೆ ಗಂಟೆ ಇರಬೇಕು. ಮುಂದಿನ ವರ್ಷ ಅದನ್ನು ಕಟ್ಟಿಕೊಂಡೇ ಓಡಿ, ಹೊಸ ಬಡಪಾಯಿಗೆ ದಾಟಿಸಬೇಕು. ವಿಲ್ಫ್ ಮೂರು ವರ್ಷದಿಂದ ಯಾರಿಗೂ ದಾಟಿಸಿರಲಿಲ್ಲ. ಭಾವಮೈದ ಗಾರ್ತ್ ಅಂತೂ ಅವನನ್ನು ಕಂಡರೆ ಹುಲ್ಲು ಬೇಕಾ ಎಂದೇ ಮಾತು ಶುರುಮಾಡುತ್ತಿದ್ದ.

ಈ ಸಲ ಸತ್ತರೂ ಸರಿ, ಗಂಟೆ ಕಳಚಲೇಬೇಕು.

ಬೆಟ್ಟದ ನೆತ್ತಿಯ ಗುಡಾರದಲ್ಲಿ ಚಹಾ ಹಂಚುತ್ತಿದ್ದ ಆಗ್ನೆಸ್ ಎಚ್ಚರಿಸಿದ್ದಳು. "ಹೆಸ್ಕೆತ್ ಮನೆ ನೆಲ್ ಇವತ್ತು ಬೆಟ್ಟಕ್ಕೆ ಬಂದಿದಾಳೆ ಕಣೋ. ಇದೇ ಮೊದಲ್ನೇ ವರ್ಷ, ಆದ್ರೂ ಅವಳ ಕಣ್ಣು ತಪ್ಪಿಸಿ ಯಾರೂ ಹೋಗೋಕಾಗಲ್ಲ. ಹೆಸ್ಕೆತ್ ಯಪ್ಪಂಗೆ ಕನ್ನಡಕದ ತುಂಬಾ ಹಿಮ, ಎಲ್ಲಾ ಅವಳ ಮೇಲೇ ಬಿಟ್ಟಿದಾನೆ."

ಅಪ್ಪ ಮಗಳನ್ನು ಚೆನ್ನಾಗಿಯೇ ತಯಾರು ಮಾಡಿದ್ದಾನೆ ಎಂದುಕೊಂಡ ವಿಲ್ಫ್.

ಹುಡುಗಿ ಗಟ್ಟಿಗಿತ್ತಿ. ಗಾಳಿಗೆ ಎದೆಕೊಡದೆ ಬಗ್ಗಿ ಓಡುತ್ತಿದ್ದಳು. ದೀಪ ಮೊಣಕಾಲಿನ ಮಟ್ಟ ಬಿಟ್ಟು ಏಳುತ್ತಿರಲಿಲ್ಲ. ಇವನು ಎಡಕ್ಕೆ ವಾಲಿದರೆ ಅವಳೂ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ನಿಂತರೆ ನಿಲ್ಲುತ್ತಿದ್ದಳು. ಮುಂದೆ ಹೋಗುವ ಯೋಚನೆಯೇ ಇದ್ದಂತಿರಲಿಲ್ಲ. ಕೆಳಗಿನಿಂದ ಯಾರೋ ಸೀಟಿ ಹೊಡೆದರು. ಗುರಿ ಹತ್ತಿರವಾಯಿತೆಂದು ವಿಲ್ಫ್‌ಗೆ ಹೋದ ಜೀವ ಬಂತು.

"ನನ್ನ ದಾಟೋಕೆ ದಮ್ಮಿಲ್ವೇನಮ್ಮ?" ಎಂದು ಛೇಡಿಸಿದ.

ಏದುಸಿರು ಇನ್ನಷ್ಟು ಹತ್ತಿರ ಬಂತು. ವಿಲ್ಫ್ ಎದ್ದೆನೋ ಬಿದ್ದೆನೋ ಎಂದು ಇಳಿಜಾರಿನಲ್ಲಿ ಓಡಿದ.

ಅಗೋ ಲಾಂದ್ರ. ತೆರೆದ ಗೇಟು. ಒಳಗೆ ಜನ. ಎರಡೂ ಕೈ ಮೇಲೆತ್ತಿ, ಗಂಟೆ ಢಣಢಣ ಬಡಿಯುತ್ತ ಒಳನುಗ್ಗಿದ. ಅವಳಿನ್ನೂ ಗೇಟಿನಾಚೆಯೇ ಇದ್ದಳು. ಸಂತೋಷಕ್ಕೆ ವಿಲ್ಫ್‌ನ ಕಣ್ಣಲ್ಲಿ ನೀರೇ ಬಂತು. ಮರಗಟ್ಟಿದ ಬೆರಳಲ್ಲಿ ಗಂಟೆಯ ಪಟ್ಟಿ ಬಿಚ್ಚತೊಡಗಿದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದೆ ಹೋಗಿದ್ದ ಓಟಗಾರರೆಲ್ಲ ಕಲ್ಲುಗೋಡೆಗೆ ಒತ್ತಿಕೊಂಡು ಪೆಚ್ಚಾಗಿ ನಿಂತಿದ್ದರು. ಮೊಣಕಾಲುದ್ದ ಒಣಹುಲ್ಲಿನ ರಾಶಿಯಲ್ಲಿ ನಿಂತಿದ್ದ ಗಾರ್ತ್ ಇವತ್ತು ಹುಲ್ಲಿನ ಮಾತೆತ್ತಲಿಲ್ಲ. ಏನೋ ಹೇಳಲು ಹೋದ. ಆದರೆ ಚಳಿಗೆ ದವಡೆ ಸೆಟೆದು ಅವನ ಬಾಯಿಂದ "ಬ್ಯಾ... ಬ್ಯಾ..." ಬಿಟ್ಟು ಬೇರೇನೂ ಹೊರಡಲಿಲ್ಲ.

ಮುದುಕ ಹೆಸ್ಕೆತ್ ತಡಕಾಡಿ ಗೇಟಿಗೆ ಅಗಳಿ ಹಾಕಿ, ಬಾಲ ಅಲ್ಲಾಡಿಸುತ್ತಿದ್ದ ನೆಲ್‌ಳ ಕಿವಿ ಸವರಿ, "ಸಾಕು ಬಾರವ್ವ," ಎಂದ, "ಗಂಟೆ ಕೇಳಿಸ್ತು, ಕೊನೇ ಕುರೀನೂ ದೊಡ್ಡಿ ಸೇರ್ತು."