ಮೂರು ಮರಿಗಳ ಗಂಜಿ

ಕಿವಿಗೆ ಗುರುತಿನ ಕೆಂಪು ಓಲೆ ಹಾಕಿದ ಆರು ಹಂದಿಮರಿಗಳಿಗೆ ಸಂಶೋಧಕಿ ಡಾಫಿಶಾ ಸೂಜಿ ಚುಚ್ಚಿ ಎರಡು ಗಂಟೆಯಾಗಿತ್ತಷ್ಟೆ, ಅವು ಒಂದರ ಮೇಲೊಂದು ಬಿದ್ದು ನಡುಗತೊಡಗಿದವು. ಪಕ್ಕದ ದೊಡ್ಡಿಯಲ್ಲಿ ಸೂಜಿ ಚುಚ್ಚಿಸಿಕೊಳ್ಳದ ನೀಲಿ ಓಲೆಯ ಆರು ಮರಿಗಳು ಹೊಟ್ಟೆ ಬಿರಿಯ ತಿನ್ನುತ್ತಿದ್ದವು.

"ಯಾವ ರೋಗ ಹಾಕ್ದೆ ಅವಕ್ಕೆ?" ಎಂದಳು ಥೆರಿಲಾ. ನಾಂಗ್‌ಪೋ ಬಳಿಯ ಆ ಹಂದಿ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷದಿಂದ ಮರಿ ಸಾಕುತ್ತಿರುವವಳು, ಅಲ್ಲಿನವರಿಗೆಲ್ಲ ಅಕ್ಕ, 'ಕೊಂಗ್'.

"ರೋಗ ಅಲ್ಲ ಕೊಂಗ್. ಸತ್ತ ರೋಗಾಣುವಿನ ಚೂರು. ಮೈ ಮಾತ್ರ ರೋಗ ಬಂತು ಅಂದ್ಕೊಂಡು ಜಗಳಕ್ಕೆ ನಿಲ್ಲುತ್ತೆ. ಆ ಜಗಳದಲ್ಲಿ ಕರುಳಿಗೆ ಏನಾಗುತ್ತೆ ಅಂತ ನೋಡ್ಬೇಕು. ನಾನು ಅಳೆದು ಕೊಟ್ಟ ಆಹಾರ ಬಿಟ್ಟು ಬೇರೇನೂ ಹಾಕ್ಬೇಡಿ."

"ಬರದೇ ಇರೋ ರೋಗಕ್ಕೆ ಭೇದಿ ಆಗುತ್ತಾ?"

"ಆಗುತ್ತೆ."

ಆಯಿತು. ಮೂರನೆಯ ದಿನ ಮತ್ತೆ ಸೂಜಿ, ಮತ್ತೆ ಭೇದಿ. ಎಂಟನೆಯ ದಿನ ಹನ್ನೆರಡನ್ನೂ ಕೊಯ್ದು ನೋಡುತ್ತಾರೆಂದು ಥೆರಿಲಾಗೆ ಗೊತ್ತಿತ್ತು. ಹಂದಿ ಕೊಯ್ಯುವುದು ಅವಳಿಗೆ ಹೊಸದಲ್ಲ. ಕೊಯ್ಯುವ ಹಂದಿಯನ್ನು ಅಲ್ಲಿಯವರೆಗೆ ನರಳಿಸುವುದು ಹೊಸದು. ಕೈ ಸುಮ್ಮನಿರಲಿಲ್ಲ. ಮನೆಯಿಂದ ತೆಳ್ಳನೆಯ ಅಕ್ಕಿ ಗಂಜಿ ತಂದು ಕುಡಿಸಿದಳು, ಎರಡು ದಿನ. ಪಾತ್ರೆಯಲ್ಲಿದ್ದದ್ದು ಮೂರು ಮರಿಗೆ ಸಾಲುವಷ್ಟೇ. ಎರಡು ದಿನವೂ ಬಾಗಿಲಿಗೆ ಹತ್ತಿರವಿದ್ದ ಅದೇ ಮೂರಕ್ಕೆ ಸಿಕ್ಕಿತು.

ತೂಕ ಹಾಕುವ ದಿನ ಡಾಫಿಶಾ ಕಂಗಾಲಾದಳು. ಆರಕ್ಕೂ ಚುಚ್ಚಿದ್ದು ಒಂದೇ ಸೀಸೆಯದು, ಆದರೆ ಮೂರು ಮರಿ ಇಳಿದಿವೆ, ಮೂರು ಏರಿವೆ! ತಕ್ಕಡಿ ಒರೆಸಿದಳು. ಮತ್ತೆ ತೂಗಿದಳು. ಓಲೆಗಳೇ ಅದಲುಬದಲಾದವೇ ಎಂದು ಒಂದೊಂದನ್ನೂ ತಿರುಗಿಸಿ ನೋಡಿದಳು. ಕೊನೆಗೆ ಥೆರಿಲಾಳೇ ಬಾಯಿ ಬಿಟ್ಟಳು.

"ಗಂಜಿಯಾ? ಎರಡು ವರ್ಷದ ಕೆಲಸ ಹಾಳಾಯ್ತು ಕೊಂಗ್!" ಎಂದ ಡಾಫಿಶಾ ಮೂರು ದಿನ ಥೆರಿಲಾಳ ಮುಖ ನೋಡಲಿಲ್ಲ.

ಎಂಟನೆಯ ದಿನ ಮಧ್ಯಾಹ್ನ ಡಾಫಿಶಾಳೇ ಓಡಿಬಂದು ಥೆರಿಲಾಳ ಕೈ ಹಿಡಿದು ಎಳೆದುಕೊಂಡು ಹೋಗಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. "ಇದು ಗಂಜಿ ಇಲ್ಲದ ಮರಿಯ ಕರುಳು." ಕರುಳಿನ ಒಳಗೋಡೆಯ ಸಣ್ಣ ಎಳೆಗಳೆಲ್ಲ ಆಲಿಕಲ್ಲು ಬಿದ್ದ ಗದ್ದೆಯ ಪೈರಿನಂತೆ ಮಲಗಿದ್ದವು. "ಇದು ನಿಮ್ಮ ಗಂಜಿ ಕುಡಿದದ್ದು." ಪೈರು ನೆಟ್ಟಗೆ ನಿಂತಿತ್ತು.

"ಅಯ್ಯೋ, ಆರಕ್ಕೂ ಕೊಡಬೇಕಿತ್ತು."

"ಆರಕ್ಕೂ ಕೊಟ್ಟಿದ್ರೆ ಹೋಲಿಸಿ ನೋಡೋಕೆ ಒಂದೂ ಉಳೀತಿರಲಿಲ್ಲ, ಏನೂ ಗೊತ್ತೇ ಆಗ್ತಿರಲಿಲ್ಲ! ಮುಂದಿನ ತಿಂಗಳು ಹೊಸ ಮರಿ ಬರುತ್ತೆ. ಮೊದಲ ದಿನದಿಂದ್ಲೇ ಗಂಜಿ ಮಾಡಿ ಕೊಂಗ್. ಆದ್ರೆ ಅರ್ಧಕ್ಕೆ ಮಾತ್ರ, ಉಳಿದವಕ್ಕೆ ಒಂದು ಹನಿಯೂ ಬೇಡ."

ಬೈದದ್ದೋ, ಹೊಗಳಿದ್ದೋ, ಥೆರಿಲಾಗೆ ತಿಳಿಯಲಿಲ್ಲ. ಗಾಜಿನ ಮೇಲೆ ನೆಟ್ಟಗೆ ನಿಂತಿದ್ದ ಆ ಸತ್ತ ಮರಿಯ ಪೈರನ್ನು ಇನ್ನೊಮ್ಮೆ ನೋಡಿ ಎದ್ದಳು.

"ಗಂಜಿ ಮಾಡ್ತೀನಿ. ಆದ್ರೆ ಯಾವ ಮರಿಗಳಿಗೆ ಇಲ್ಲವೋ, ಅವಕ್ಕೆ 'ನಿಮಗಿಲ್ಲ' ಅಂತ ನೀನೇ ಬಂದು ಹೇಳು, ತಾಯಿ."