ಲಾಕಣ್ಣನ ಕಿವಿ

“ಕಾಲು ತೆಗೀಬೇಡ” ಎಂದು ಪಕ್ಕದ ಸೀಟಿನಿಂದ ಮಗಳು ಹೇಳಿ ಮುಗಿಸುವಷ್ಟರಲ್ಲಿ ಅಪ್ಪ ಆಕ್ಸಿಲರೇಟರಿನಿಂದ ಕಾಲು ತೆಗೆದಾಗಿತ್ತು. ಹೊಸ ಜೀಪು ಏರಿನ ನಡುವೆ ಮುಗ್ಗರಿಸಿ, ಕೆಸರಿನಲ್ಲಿ ಹಿಂದಕ್ಕೆ ಜಾರಿ, ಹೊರಟ ಜಾಗಕ್ಕೇ ಬಂದು ನಿಂತಿತು. ಕೆಳಗೆ ಕಾಯುತ್ತಿದ್ದ ಕಲ್ಲುಕ್ವಾರಿಯ ಮೇಲ್ವಿಚಾರಕ ಕಿಟಕಿಯ ಬಳಿ ಬಂದು ಬಗ್ಗಿದ. “ಲಾಕಣ್ಣ, ಇನ್ನೊಂದೇ ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ನಾಳೆಯಿಂದ ಗೇಟ್ ಕಾಯ್ತಾ ಕೂತ್ಕೋ. ನೆರಳಿದೆ, ಕುರ್ಚಿ ಇದೆ” ಎಂದು ಬಲು ಮೆತ್ತಗೆ ಹೇಳಿ ಹೋದ.

ಬೈದಿದ್ದರೆ ಅಪ್ಪನಿಗೆ ಇಷ್ಟು ನೋವಾಗುತ್ತಿರಲಿಲ್ಲ. ಈ ಏರನ್ನು ಅವನು ಹಳೆಯ ಜೀಪಿನಲ್ಲಿ ಕಣ್ಣು ಮುಚ್ಚಿಕೊಂಡು ಹತ್ತಿಸುತ್ತಿದ್ದ. ಒಂದು ಚಕ್ರ ಕೆಸರಿನಲ್ಲಿ ಗಾಳಿಗೆ ಗುದ್ದಿದ ಹಾಗೆ ಸುಮ್ಮನೆ ತಿರುಗಲು ಶುರು ಮಾಡಿದರೆ ನಿಲ್ಲಿಸುವುದು, ಸೀಟಿನ ಪಕ್ಕದ ಲಾಕ್ ಎಳೆಯುವುದು, ಕೆಳಗೆ ಟಕ್ ಎಂದ ಮೇಲೆ ಹೊರಡುವುದು. ಎಡಬಲದ ಚಕ್ರಗಳೆರಡೂ ಗಂಟು ಹಾಕಿದಂತೆ ಒಟ್ಟಿಗೇ ತಿರುಗಿ ಜೀಪು ಮೇಲೆ ಹೋಗುತ್ತಿತ್ತು. ಆ ಲಾಕಿನ ಗುಣಗಾನ ಮಾಡಿ ಮಾಡಿಯೇ ಅವನಿಗೆ ಲಾಕಣ್ಣ ಎಂಬ ಹೆಸರು ಬಿದ್ದದ್ದು. ಹೊಸ ಜೀಪಿನಲ್ಲಿ ಲಾಕೇ ಇಲ್ಲ. ಸುಮ್ಮನೆ ತಿರುಗುವ ಚಕ್ರಕ್ಕೆ ಅದು ತಾನಾಗಿಯೇ ಬ್ರೇಕ್ ಹಿಡಿದು, ನೆಲ ಕಚ್ಚಿರುವ ಚಕ್ರಕ್ಕೆ ಬಲ ದಾಟಿಸುತ್ತದೆ. ಇದನ್ನು ಚಾಲಕರಿಗೆ ಕಲಿಸಿಕೊಡಲು ಜೀಪು ಮಾರಿದ ಕಂಪನಿಯವರು ಕಳಿಸಿದ್ದು ಅವನ ಮಗಳನ್ನೇ. ಮಿಕ್ಕವರೆಲ್ಲ ಆಗಲೇ ಕಲಿತು, ಶೆಡ್ಡಿನ ಕಟ್ಟೆಯ ಮೇಲೆ ಕೂತು ಟೀ ಕುಡಿಯುತ್ತಾ ಇತ್ತಲೇ ನೋಡುತ್ತಿದ್ದರು.

“ಯಾಕಪ್ಪ ಪ್ರತಿ ಸಲ ಅಲ್ಲೇ ಕಾಲು ತೆಗೀತೀಯ?”

“ಗರಗರ ಅನ್ನುತ್ತಲ್ಲ, ನಿನಗೆ ಕೇಳಿಸಲ್ವಾ?”

“ಬ್ರೇಕ್ ಹಿಡಿದು ಬಿಟ್ಟು ಮಾಡೋ ಸದ್ದು ಅದು. ಜೀಪು ನಿನ್ನ ಸಹಾಯಕ್ಕೆ ಬರೋದೇ ಆಗ. ಆಗಲೇ ನೀನು ಕಾಲು ತೆಗೆದ್ರೆ ಅದಾದ್ರೂ ಏನು ಮಾಡುತ್ತೆ?”

“ನೀನು ಹೇಳಿದ್ದೆಲ್ಲ ತಲೆಗೆ ಹೋಗಿದೆ ಕಣಮ್ಮ. ಕಾಲಿಗೆ ಹೋಗ್ತಿಲ್ಲ. ಒಂದ್ಸಲ ಲಾಕ್ ಬಿಡಿಸೋದು ಮರೆತು ಹಳೇ ಜೀಪನ್ನ ಗಟ್ಟಿ ರಸ್ತೇಲಿ ತಿರುಗಿಸಿದ್ದೆ. ಚಕ್ರದ ಆಕ್ಸಲ್ ಮುರಿಯೋಕೆ ಮುಂಚೆ ಹೀಗೇ ಗರಗರ ಅಂದಿತ್ತು.”

ಅಂದಿನಿಂದ ಅವನು ಜೀಪಿನ ಪ್ರತಿ ಸದ್ದಿಗೂ ಕಿವಿಗೊಡುತ್ತಿದ್ದ, ಆ ಕಿವಿ ಕ್ವಾರಿಗೆಲ್ಲ ಹೆಸರಾಗಿತ್ತು. ನಟ್ಟು ಸಡಿಲವಾದರೆ ಬಿಚ್ಚಿ ನೋಡುವ ಮೊದಲೇ ಹೇಳುತ್ತಿದ್ದ. ಇಷ್ಟು ಚುರುಕು ಕಿವಿಯ ಮನುಷ್ಯ ಮನೆಯಲ್ಲಿ ಅಮ್ಮ ಗೊಣಗಲು ಶುರು ಮಾಡಿದರೆ ಮಾತ್ರ, ಕೇಳಿಸಲೇ ಇಲ್ಲವೆಂಬಂತೆ ಚಪ್ಪಲಿ ಮೆಟ್ಟಿ ಹೊರಗೆ ಹೋಗಿ, ಒರೆಸಿದ ಜೀಪನ್ನೇ ಒರೆಸುತ್ತಿದ್ದ. ಅಮ್ಮ ತೀರಿಹೋಗಿ ಎರಡು ವರ್ಷವಾದರೂ ಮಗಳಿಗೆ ಆ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಗೇಟಿನ ಹತ್ತಿರದ ಕುರ್ಚಿಯಲ್ಲಿ ಕೂತ ಅಪ್ಪನನ್ನು ಅವಳಿಂದ ಊಹಿಸಿಕೊಳ್ಳಲೂ ಆಗಲಿಲ್ಲ.

ಜೀಪು ಹೊರಟಿತು. ಅರ್ಧ ಏರು ಸಲೀಸು. ಕೆಸರು ಶುರುವಾಗುವ ಜಾಗ ಹತ್ತಿರ ಬಂದಾಗ ಅವಳು ಪಕ್ಕಕ್ಕೆ ತಿರುಗಿ, ಎರಡೂ ಅಂಗೈಗಳಿಂದ ಅಪ್ಪನ ಕಿವಿ ಮುಚ್ಚಿದಳು. ಚಿಕ್ಕವಳಿದ್ದಾಗ ಅಮ್ಮನ ಜೊತೆ ಕ್ವಾರಿಗೆ ಬುತ್ತಿ ತಂದಾಗಲೆಲ್ಲ, ಬಂಡೆ ಸಿಡಿಸುವ ಮೊದಲು ಸೈರನ್ ಕೂಗಿದರೆ, ಅಪ್ಪ ಓಡಿ ಬಂದು ಅವಳ ಕಿವಿಯನ್ನು ಹೀಗೇ ಮುಚ್ಚುತ್ತಿದ್ದ. ಮೇಲ್ವಿಚಾರಕ ನೋಡಿದರೆ ನೋಡಲಿ. ಅಪ್ಪ ಬೆಚ್ಚಿದನಾದರೂ ಸ್ಟೀರಿಂಗ್ ಬಿಡಲಿಲ್ಲ. ಹಿಂದಿನ ಚಕ್ರವೊಂದು ಕೆಸರೆರಚಿ ತಿರುಗಿತು, ಗರಗರ ಶುರುವಾಯಿತು. ಅಷ್ಟರಲ್ಲಿ ಜೀಪು ಒಂದು ಕಡೆಗೆ ವಾಲಿತು. ಆಸರೆಗೆಂದು ಅವಳು ಬಾಗಿಲ ಹಿಡಿಯನ್ನು ಹಿಡಿದುಕೊಳ್ಳಬೇಕಾಯಿತು, ಕೈಗಳೆರಡೂ ಅವನ ಕಿವಿಯಿಂದ ಜಾರಿದವು.

ಅವಳು ಅಪ್ಪನ ಕಾಲನ್ನೇ ನೋಡಿದಳು. ಕಾಲು ಅದುರಿತು. ಆದರೆ ಮೇಲೇಳಲಿಲ್ಲ. ಇನ್ನೊಂದು ಚಕ್ರ ನೆಲ ಕಚ್ಚಿತು, ಜೀಪು ಗರಗರ ಎನ್ನುತ್ತಲೇ ಕೆಸರು ದಾಟಿ ಏರಿನ ನೆತ್ತಿಗೆ ಬಂದು ನಿಂತಿತು.

“ನನ್ನ ಕೈ ಜಾರಿತಲ್ಲಪ್ಪ. ಸದ್ದು ಕೇಳಿಸ್ಲಿಲ್ವಾ?”

“ಕೇಳಿಸ್ತು. ನಿಮ್ಮಮ್ಮ ಗೊಣಗ್ತಾ ಇದಾಳೆ ಅಂದ್ಕೊಂಡೆ.”

ಮಗಳಿಗೆ ನಗು ತಡೆಯಲಾಗಲಿಲ್ಲ. “ಹಾಗಾದ್ರೆ ಬಾಗಿಲು ತೆಗೆದು ಇಳಿದು ಹೋಗ್ಬೇಕಿತ್ತು ನೀನು.”

ಅಪ್ಪ ನಗಲಿಲ್ಲ. ಕೆಳಗಿನಿಂದ ಮೇಲ್ವಿಚಾರಕ ಆಯಿತು, ಆಯಿತು ಎಂದು ಕೈ ಬೀಸುತ್ತಿದ್ದ. ಅಪ್ಪ ಅತ್ತ ನೋಡದೆ, ಹೆಗಲ ಮೇಲಿನ ಬಟ್ಟೆಯಿಂದ ಸ್ಟೀರಿಂಗನ್ನು ಸುಮ್ಮನೆ ಒರೆಸಿದ.

“ಅದಕ್ಕೇ ಆಗೆಲ್ಲ ಹೊರಗೆ ಹೋಗ್ತಿದ್ದೆ ಕಣಮ್ಮ” ಎಂದ. “ಅವಳು ಗೊಣಗಿದಾಗಲೆಲ್ಲ, ಏನೋ ಮುರೀತಾ ಇದೆ ಅಂದ್ಕೊಂಡಿದ್ದೆ.”