ಆ ಕುರ್ಚಿಯಲ್ಲಿ ಕೂತವನ ಮಾತು

ವಿನೀತ್, ಅಜ್ಜನಿಗೆ ಮರೆವು ಎಂದು ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದವನು ನೀನು ತಾನೆ? ನಿನ್ನೆ ತಿಂದದ್ದನ್ನು ಮೊಬೈಲಿನ ಫೋಟೋ ನೋಡಿ ಹೇಳುವವನು ನೀನು. ನನಗೆ ತೊಂಬತ್ತೊಂದರ ಕುವೈತಿನ ಹೊಗೆ ಈಗಲೂ ಮೂಗಿನಲ್ಲಿದೆ. ಬಾಯಿ ಮುಚ್ಚಿ ಕೇಳಿ. ತೃಷಾ, ನೀನೂ ಕೇಳು. ಅರ್ಥವಾಗದಿದ್ದರೆ ಅಮ್ಮನನ್ನು ಕೇಳು.

ಯುದ್ಧ ಮುಗಿದಿತ್ತು, ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿದ್ದವು. ಸುಲೈಬಿಯಾದ ಗೋದಾಮುಗಳ ನಡುವೆ ನಮ್ಮ ಕ್ಯಾಂಟೀನು ಮತ್ತೆ ತೆರೆದಿತ್ತು. ಅಲ್ಲಿ ಚಹಾ ಮಾಡುವವನು, ಕೊಡುವವನು, ಬೈಯುವವನು ಎಲ್ಲ ನಾನೇ. ನನ್ನ ಚಹಾವನ್ನು ಯಾರಾದರೂ ಆರಲು ಬಿಟ್ಟರೆ ನನಗೆ ಸಂಕಟ. "ಇಶ್ರಬ್, ಇಶ್ರಬ್", ಅಂದರೆ ಕುಡಿ ಕುಡಿ, ಎಂದು ಬೆನ್ನು ಬೀಳುತ್ತಿದ್ದೆ. ಗಿರಾಕಿಯ ಮುಖ ನೋಡುವ ಅಭ್ಯಾಸವಿರಲಿಲ್ಲ; ಲೋಟ ನೋಡುತ್ತಿದ್ದೆ.

ಒಂದು ಸಂಜೆ ಜೋಕಿಮ್ ಬಂದ. ನಮ್ಮ ಊರಿನ ಕಡೆಯವನೇ, ಶಾಮಿಯಾನ ಹಾಕುವ ಕಂಪನಿಯಲ್ಲಿ ಗುಮಾಸ್ತ.

"ಯಶೋಧರಣ್ಣ, ನಾಳೆ ನೀವು ಶೇಖ್ ಆಗ್ಬೇಕು."

"ಕುಡಿದು ಬಂದದ್ದಾ?"

"ಈ ಊರಲ್ಲಿ ಎಲ್ಲಿಂದ ಕುಡಿಯುದು ಮಾರಾಯ್ರೆ."

ವಿಷಯ ಇಷ್ಟು. ಯುದ್ಧದಲ್ಲಿ ಸತ್ತವರ ಸ್ಮರಣೆಗೆ ಒಂದು ಸಮಾರಂಭ. ರಾಜಮನೆತನದ ಹಿರಿಯ ಶೇಖ್ ಒಬ್ಬರು ಬಂದು ಕೂರುತ್ತಾರೆ, ಅವರೆದುರು ಹುತಾತ್ಮರ ಹೆಸರು ಓದಲಾಗುತ್ತದೆ. ಹಿಂದಿನ ದಿನ ತಾಲೀಮು. ಟೀವಿಯವರು ದೀಪ ಹೊಂದಿಸಿಕೊಳ್ಳಲು ಆ ಶೇಖ್ ಅವರ ಅಳತೆಯ ಒಬ್ಬ ಮನುಷ್ಯ ಕುರ್ಚಿಯಲ್ಲಿರಬೇಕು.

"ಎತ್ತರ ನಿಮ್ಮದೇ, ಹೊಟ್ಟೆ ಸಹ ಉಂಟು. ಬಾಯಿ ಮಾತ್ರ ತೆರೀಬೇಡಿ."

"ಅಷ್ಟು ಹೊತ್ತು ಬಾಯಿ ಮುಚ್ಚಿದ್ರೆ ನಾನೇ ಹುತಾತ್ಮ ಆಗ್ತೇನೆ."

ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಒಪ್ಪಬೇಕಲ್ಲ. ಅವನು ಗಲ್ಲಾಪೆಟ್ಟಿಗೆಯ ಬಳಿ ಕೂತಿದ್ದ. ಜೋಕಿಮ್ ಅವನಿಗೆ ಎಲ್ಲವನ್ನೂ ಅರಬಿಯಲ್ಲಿ, ಇಡೀ ಕ್ಯಾಂಟೀನಿಗೆ ಕೇಳುವಂತೆ ವಿವರಿಸಿದ. ಎಲ್ಲರೂ ನಕ್ಕರು. ಮೂಲೆಯಲ್ಲೊಬ್ಬ ಚಹಾ ಮುಟ್ಟದೆ ಕಿವಿಗೊಟ್ಟು ಕೇಳುತ್ತಿದ್ದ; ಅವನಿಗೂ ಗದರಿಸಿ ಕುಡಿಸಿದೆ.

ಮರುದಿನ ಬಿಳಿ ನಿಲುವಂಗಿ ತೊಡಿಸಿದರು, ತಲೆಗೆ ರುಮಾಲು, ಮೇಲೆ ಜರಿಯ ಕಪ್ಪು ಶಾಲು. ಕನ್ನಡಿ ನೋಡಿದೆ. ಸುಳ್ಳು ಹೇಳಬಾರದು, ನನಗೆ ನಾನೇ ಸಲಾಮು ಹೊಡೆಯೋಣ ಅನಿಸಿತು. ಕಾಲಲ್ಲಿದ್ದ ಹವಾಯಿ ಚಪ್ಪಲಿ ಮಾತ್ರ ನನ್ನದೇ. ಅದನ್ನು ಅಂಗಿಯೊಳಗೆ ಎಳೆದುಕೊಂಡು ಗತ್ತಿನಿಂದ ಕೂತೆ.

ಸತ್ತವರ ಮನೆಯವರೂ ಎಲ್ಲಿ ಕೂರಬೇಕೆಂದು ತಿಳಿಯಲು ಬಂದಿದ್ದರು. ಕಾಫಿ ಹಂಚುವವರೂ ತಾಲೀಮು ಮಾಡುತ್ತಿದ್ದರು. ಆಗ ಒಬ್ಬ ಮುದುಕ, ಮುಖದ ಅರ್ಧಕ್ಕೆ ರುಮಾಲು ಸುತ್ತಿಕೊಂಡವನು, ನೇರವಾಗಿ ನನ್ನೆದುರು ಬಂದು ಕೂತ. ಕೈಗೆ ಬಂದ ಕಾಫಿ ಬಟ್ಟಲನ್ನು ತುಟಿಗೆ ತಾಗಿಸದೆ ನನ್ನ ಮುಂದೆ ನೆಲದ ಮೇಲಿಟ್ಟ.

ನನ್ನ ಕ್ಯಾಂಟೀನು ಅರಬಿಗೆ ಅರ್ಥವಾದದ್ದು ಇಷ್ಟು: ಇವನ ಮಗ ಮುತ್ಲಕ್. ಇರಾಕಿನವರ ಆಕ್ರಮಣದ ದಿನಗಳಲ್ಲಿ ಆಸ್ಪತ್ರೆಗೆ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ದಾರಿಯಲ್ಲೇ ಗುಂಡು ಹೊಡೆದರು. ನಾಳೆ ಓದುವ ಹೆಸರುಗಳಲ್ಲಿ ಅವನದಿಲ್ಲ, ಪೌರತ್ವದ ಕಾಗದಪತ್ರ ಸರಿಯಿಲ್ಲವಂತೆ. "ಒಂದು ಸಲ ಹೆಸರು ಹೇಳಿಸಿ. ಅವನ ಅಮ್ಮ ಕೇಳಲಿ."

ನಾನು ಬಟ್ಟಲನ್ನೇ ನೋಡಿದೆ. ಮುದುಕ ಅಲುಗಲಿಲ್ಲ. ಕಾಫಿಯ ಹಬೆ ನಿಂತಿತು. ನಮ್ಮಲ್ಲಿ ಜಗಳವಾಗಲಿ ಸಾವಾಗಲಿ, ಉತ್ತರ ತೋಚದಿದ್ದರೆ ಹೋಟೆಲಿನವನು ಹೇಳುವುದು ಒಂದೇ ಮಾತು. ನಾಲಗೆ ಜಾರಿತು.

"ಇಶ್ರಬ್, ಯಾ ಹಾಜಿ. ತಣ್ಣಗಾಗುತ್ತದೆ."

ಮುದುಕ ಒಂದೇ ಗುಟುಕಿಗೆ ಕುಡಿದ, ನನ್ನ ಭುಜಕ್ಕೆ ಮುತ್ತಿಟ್ಟು ಹೊರಟುಹೋದ. ಸಮಾರಂಭದ ಅಧಿಕಾರಿಯ ಮುಖ ಸುಣ್ಣ ಬಳಿದಂತಾಗಿತ್ತು.

"ಎಂತ ಮಾಡಿದ್ರಿ ಯಶೋಧರಣ್ಣ," ಜೋಕಿಮ್ ನನ್ನ ತೋಳು ಹಿಡಿದು ಎಳೆದ. "ಇಲ್ಲಿ ಏನಾದ್ರೂ ಬೇಡ್ಲಿಕ್ಕೆ ಬಂದವ ಕಾಫಿ ಕೆಳಗಿಡ್ತಾನೆ. ಯಜಮಾನ 'ಕುಡಿ' ಅಂದ್ರೆ ಬೇಡಿದ್ದು ಕೊಟ್ಟ ಹಾಗೆ. ಇಷ್ಟು ಜನರ ಎದುರು ನೀವು ರಾಜಮನೆಯ ಮಾತು ಕೊಟ್ಟಾಯ್ತು."

"ನಾನು ಚಹಾದವ ಅಲ್ವಾ?"

"ಕುರ್ಚಿ ಚಹಾದವನದ್ದಲ್ಲ."

ಖಲಾಸ್, ಇನ್ನು ವಿಮಾನ ಹತ್ತಿಸುತ್ತಾರೆ ಎಂದು ಪೆಟ್ಟಿಗೆ ಕಟ್ಟಿಟ್ಟೆ. ಮರುದಿನ ನಿಜವಾದ ಶೇಖ್ ಬಂದರು. ಅಧಿಕಾರಿ ಬಗ್ಗಿ ಅವರ ಕಿವಿಯಲ್ಲಿ ಹೇಳುವುದನ್ನು ಕಾಫಿ ಪಾತ್ರೆಗಳ ಹಿಂದೆ ನಿಂತು ನೋಡಿದೆ. ಶೇಖ್ ಹೇಳಿದ್ದನ್ನು ಜೋಕಿಮ್ ಆಮೇಲೆ ನನಗೆ ತಿಳಿಸಿದ: "ನನ್ನ ಕುರ್ಚಿಯಿಂದ ಬಂದ ಮಾತು ನನ್ನದೇ. ಓದಿ."

ಮುತ್ಲಕನ ಹೆಸರು ಓದಿದರು. ಹೆಂಗಸರ ಕಡೆಯಿಂದ ಒಂದು ಅಳು ಕೇಳಿತು. ಆ ಹೆಸರಿಗೆ ಎದ್ದು ನಿಂತ ಶೇಖ್ ಕೂರಲೇ ಇಲ್ಲ, ಕೊನೆಯ ಹೆಸರಿನವರೆಗೂ.

ನಾನು ಮಾತ್ರ ಉಬ್ಬಿ ಹೋದೆ. ಕೂತ ಗತ್ತೇ ಗತ್ತು, ಪಾಪದ ಮುದುಕ ನನ್ನನ್ನು ರಾಜನೆಂದೇ ನಂಬಿಬಿಟ್ಟ ಎಂದು ಫರ್ವಾನಿಯಾದ ಗೆಳೆಯರಿಗೆಲ್ಲ ಕೊಚ್ಚಿಕೊಂಡೆ.

ವಾರ ಕಳೆದ ಮೇಲೆ ಕ್ಯಾಂಟೀನಿನ ಮೂಲೆಯಲ್ಲಿ ಒಬ್ಬ ಖಾಲಿ ಲೋಟ ಮುಂದಿಟ್ಟುಕೊಂಡು ಕರೆದ. ಹತ್ತಿರ ಹೋದೆ. ಮೊದಲ ಸಲ ಅವನ ಮುಖ ನೋಡಿದೆ; ಶಾಮಿಯಾನದಲ್ಲಿ ರುಮಾಲಿನ ಮೇಲೆ ಕಂಡ ಅದೇ ಕಣ್ಣುಗಳು.

"ಯುದ್ಧಕ್ಕೆ ಮೊದಲಿಂದ ಇಲ್ಲೇ ಚಹಾ ಕುಡಿಯುತ್ತೇನೆ, ಯಶೋಧರ," ಎಂದ ಮುತ್ಲಕನ ಅಪ್ಪ. "ಶೇಖ್ ಕುಡಿ ಅನ್ನುತ್ತಿದ್ದರೋ ಇಲ್ಲವೋ, ದೇವರಿಗೇ ಗೊತ್ತು. ನೀನು ಅನ್ನದೆ ಇರುವವನಲ್ಲ ಎಂದು ನನಗೆ ಗೊತ್ತಿತ್ತು. ಅಂದು ಇದೇ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡೆ; ಅದಕ್ಕೇ ನೀನು ಕೂರುವ ದಿನ ನೋಡಿ ಬಂದೆ."

ಇದನ್ನು ಎಲ್ಲರಿಗೂ ಕಳಿಸಿ. ನನ್ನ ಹೆಸರು ಬಿಟ್ಟರೂ ಅಡ್ಡಿಯಿಲ್ಲ, ಮುತ್ಲಕನದ್ದು ಬಿಡಬೇಡಿ.